ನರಕ್ಷಯ ರೋಗಗಳಲ್ಲಿ ರೋಗನಿರೋಧಕ ವ್ಯವಸ್ಥೆ: ಈ ಸಂಶೋಧನೆಯಲ್ಲಿ ದುಡಿಯುವವರ ಕೆಲಸ ಹೇಗಿರುತ್ತದೆ?

ಪ್ರಶ್ನೆ: ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಒಂಬತ್ತು ವರ್ಷಗಳಾದವು. ಮೊದಮೊದಲು ಬಲಗೈಯ ಹೆಬ್ಬೆರಳಷ್ಟೇ ನಡುಗುತ್ತಿತ್ತು. ಈಗ ಅವರು ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳಲಾರರು. ನಡೆಯುತ್ತಾ ಬಂದವರು ಹೊಸ್ತಿಲ ಮುಂದೆ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ.

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಮೇಡಂ ಮಿದುಳಿನ ರೋಗನಿರೋಧಕ ಕೋಶಗಳಾದ ಮೈಕ್ರೋಗ್ಲಿಯಾ ಬಗ್ಗೆ ಒಂದು ಸೆಮಿನಾರ್ ಕೊಡಲು ಹೇಳಿದರು. ಅದಕ್ಕಾಗಿ ಓದಲು ಕುಳಿತವಳಿಗೆ ಈ ವಿಷಯವನ್ನು ಬಿಡಲು ಮನಸ್ಸಾಗಲಿಲ್ಲ, ಹಾಗಾಗಿ ಪಿಎಚ್.ಡಿ.ಯನ್ನು ಇದರಲ್ಲೇ ಮಾಡಬೇಕೆಂದುಕೊಂಡಿದ್ದೇನೆ. ಆದರೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದು ಲೇಖನವು ಮಿದುಳಿನ ಉರಿಯೂತವೇ ನರಕೋಶಗಳನ್ನು ಕೊಲ್ಲುತ್ತದೆ ಎಂದರೆ, ಇನ್ನೊಂದು ಅದೇ ಕೋಶಗಳು ಮಿದುಳನ್ನು ಕಾಪಾಡುತ್ತವೆ ಎನ್ನುತ್ತದೆ. ಉರಿಯೂತವು ಕಾಯಿಲೆಗೆ ಕಾರಣವೇ, ಅಥವಾ ಕಾಯಿಲೆಯ ಪರಿಣಾಮವೇ? ಈ ಕ್ಷೇತ್ರದಲ್ಲಿರುವವರು ದಿನವಿಡೀ ನಿಜವಾಗಿ ಏನು ಮಾಡುತ್ತಾರೆ? ಮೊದಲು ರೋಗನಿರೋಧಶಾಸ್ತ್ರ ಕಲಿಯಬೇಕೇ, ನರವಿಜ್ಞಾನ ಕಲಿಯಬೇಕೇ? ಮನೆಯಲ್ಲಿ ಅಪ್ಪ ಕೇಳುವ ಪ್ರಶ್ನೆಯನ್ನೂ ಸೇರಿಸುತ್ತೇನೆ: ಎಷ್ಟು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಜೀವನ ಹೇಗೆ ನಡೆಯುತ್ತದೆ? ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಬೆಂಗಳೂರಿನ ಸಂಶೋಧಕ

ನಿಮ್ಮ ಮೊದಲನೆಯ ಪ್ರಶ್ನೆಯ ಸುತ್ತಲೇ ಈ ಇಡೀ ಕ್ಷೇತ್ರ ನಿಂತಿರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಮೈಕ್ರೋಗ್ಲಿಯಾ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೇನೆ.

ಈ ಕೋಶಗಳನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದವರು ಸ್ಪೇನಿನ ಪಿಯೊ ದೆಲ್ ರಿಯೊ-ಒರ್ತೆಗಾ, 1919ರಲ್ಲಿ, ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸುವ ವಿಧಾನದ ಮೂಲಕ. ಅವು ನರಕೋಶಗಳ ದಾಯಾದಿಗಳಲ್ಲ. ಭ್ರೂಣಕ್ಕೆ ಅಂಟಿಕೊಂಡಿರುವ ಯೋಕ್ ಸ್ಯಾಕ್ ಎಂಬ ಚೀಲದಲ್ಲಿ ಹುಟ್ಟಿ, ಮಿದುಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದರೊಳಗೆ ಬಂದು ನೆಲೆಸುತ್ತವೆ ಎಂಬುದು ಇಲಿಗಳ ಅಧ್ಯಯನದಿಂದ 2010ರಲ್ಲಿ ಸ್ಪಷ್ಟವಾಯಿತು. ಆರೋಗ್ಯವಂತ ಮಿದುಳಿನಲ್ಲಿಯೂ ಅವು ಸುಮ್ಮನೆ ಕೂರುವುದಿಲ್ಲ. ಕವಲುಕವಲಾದ ತಮ್ಮ ತೋಳುಗಳನ್ನು ಎಡೆಬಿಡದೆ ಚಾಚಿ, ಹಿಂದೆಗೆದು, ಸುತ್ತಮುತ್ತಲನ್ನು ತಡವುತ್ತಲೇ ಇರುತ್ತವೆ. ಜೀವಂತ ಇಲಿಯ ಮಿದುಳಿನಲ್ಲಿ ಆ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡ ದಿನ ನಾನು ಊಟಕ್ಕೆ ಏಳುವುದನ್ನೂ ಮರೆತಿದ್ದೆ.

ಬಹುಕಾಲದವರೆಗೆ ಅನೇಕರು ಈ ಕೋಶಗಳನ್ನು ಮನೆ ಸುಟ್ಟ ಮೇಲೆ ಸುತ್ತ ನೆರೆದ ಜನರಂತೆ ಕಂಡರು. ಮರೆವಿನ ಕಾಯಿಲೆಯೊಂದಕ್ಕೆ ಯಾರ ಹೆಸರಿದೆಯೋ ಆ ವೈದ್ಯ ಆಲ್‌ಝೈಮರ್ ಅವರೇ 1907ರ ತಮ್ಮ ವರದಿಯಲ್ಲಿ, ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳಲ್ಲಿನ ಬದಲಾವಣೆಗಳನ್ನು ದಾಖಲಿಸಿದ್ದರು, 1988ರಲ್ಲಿ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾ ಇರುವುದನ್ನು ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಸಂಗಡಿಗರು ತೋರಿಸಿದರು. ಆದರೂ ಸತ್ತವರ ಮಿದುಳನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾಗುವುದಿಲ್ಲ. ಆ ಕಗ್ಗಂಟು ಸಡಿಲವಾದದ್ದು 2013ರಲ್ಲಿ. ಟ್ರೆಮ್-2 ಎಂಬ ಜೀನಿನ ಬದಲಾವಣೆಯಿಂದ ಅದರ ಪ್ರೋಟೀನಿನ 47ನೆಯ ಸ್ಥಾನದ ಅಮೈನೋ ಆಮ್ಲ ಬದಲಾದವರಿಗೆ ಆಲ್‌ಝೈಮರ್ ಬರುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು ಎಂದು ಎರಡು ತಂಡಗಳು ಒಂದೇ ಹೊತ್ತಿಗೆ ವರದಿ ಮಾಡಿದವು. ಮಿದುಳಿನೊಳಗೆ ಆ ಜೀನ್ ಕೆಲಸ ಮಾಡುವುದು ಮುಖ್ಯವಾಗಿ ಮೈಕ್ರೋಗ್ಲಿಯಾದಲ್ಲಿ. ಹುಟ್ಟಿನಿಂದಲೇ ಇರುವ ಜೀನಿನ ಬದಲಾವಣೆಯು ಎಪ್ಪತ್ತನೆಯ ವಯಸ್ಸಿನಲ್ಲಿ ಬರುವ ಕಾಯಿಲೆಯ ಪರಿಣಾಮವಾಗಿರಲು ಸಾಧ್ಯವಿಲ್ಲ. ಆದ್ದರಿಂದ ಈ ಕೋಶಗಳಿಗೆ ಕಾಯಿಲೆಯ ಕಾರಣದಲ್ಲಿಯೂ ಪಾಲಿದೆ ಎಂದು ಒಪ್ಪಲೇಬೇಕಾಯಿತು.

ಈಗ ನಿಮ್ಮ ಗೊಂದಲದ ಮೂಲಕ್ಕೆ ಬರೋಣ. ಆ ಬದಲಾವಣೆಯು ಟ್ರೆಮ್-2ರ ಕೆಲಸವನ್ನು ಹೆಚ್ಚಿಸುವುದಿಲ್ಲ, ಕುಂದಿಸುತ್ತದೆ. ಆರೋಗ್ಯವಾದ ಮೈಕ್ರೋಗ್ಲಿಯಾ, ಆಲ್‌ಝೈಮರ್ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನಿನ ಗಡ್ಡೆಯ ಸುತ್ತ ಬೇಲಿ ಕಟ್ಟಿದಂತೆ ಒತ್ತಾಗಿ ನಿಲ್ಲುತ್ತವೆ. ಟ್ರೆಮ್-2 ಇಲ್ಲದ ಇಲಿಗಳಲ್ಲಿ ಆ ಬೇಲಿ ಕಟ್ಟಿಕೊಳ್ಳದೆ, ಗಡ್ಡೆಯ ಅಂಚು ಹರಡಿಕೊಂಡು, ಪಕ್ಕದ ನರತಂತುಗಳು ಹೆಚ್ಚು ಹಾಳಾಗುತ್ತವೆ. ಹಾಗೆಂದು ಇವು ಬರೀ ಕಾವಲುಗಾರರೂ ಅಲ್ಲ. ಆಲ್‌ಝೈಮರ್ ಮಾದರಿಯ ಇಲಿಗಳಲ್ಲಿ ಗಡ್ಡೆ ಕಾಣಿಸಿಕೊಳ್ಳುವುದಕ್ಕೂ ಮೊದಲೇ, ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳ ಗುರುತು ಬಿದ್ದ ನರಸಂಧಿಗಳನ್ನು ಮೈಕ್ರೋಗ್ಲಿಯಾ ನುಂಗಿಹಾಕುತ್ತವೆ ಎಂದು 2016ರಲ್ಲಿ ತೋರಿಸಲಾಯಿತು. ಕೋಶ ಅದೇ, ಕಾಲ ಮತ್ತು ಸ್ಥಳ ಬದಲಾದರೆ ಅದರ ನಡವಳಿಕೆಯೂ ಬದಲಾಗುತ್ತದೆ. ಆದ್ದರಿಂದ ನೀವು ಓದಿದ ಎರಡೂ ಲೇಖನಗಳು ಸರಿಯಾಗಿರಬಹುದು. ಅವು ಯಾವ ವಯಸ್ಸಿನ ಇಲಿಯ, ಮಿದುಳಿನ ಯಾವ ಭಾಗದ ಬಗ್ಗೆ ಮಾತನಾಡುತ್ತಿವೆ ಎಂಬುದನ್ನು ವಿಧಾನಗಳ ವಿಭಾಗಕ್ಕೆ ಹೋಗಿ ನೋಡಿ.

ಉರಿಯೂತವನ್ನು ಒಟ್ಟಾರೆಯಾಗಿ ಅದುಮಿದರೆ ಕಾಯಿಲೆ ಹಿಮ್ಮೆಟ್ಟುತ್ತದೆ ಎಂಬ ನಂಬಿಕೆ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸೋತಿದೆ. ಸಂಧಿವಾತಕ್ಕೆ ವರ್ಷಗಟ್ಟಲೆ ಉರಿಯೂತ ನಿವಾರಕ ಮಾತ್ರೆ ತಿಂದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಜನಸಮೂಹಗಳ ಅಧ್ಯಯನಗಳು ಸೂಚಿಸಿದ್ದವು. ಆದರೆ ವಯಸ್ಸಾದವರಿಗೆ ನೆಪ್ರಾಕ್ಸೆನ್ ಮತ್ತು ಸೆಲೆಕಾಕ್ಸಿಬ್ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಮೈಕ್ರೋಗ್ಲಿಯಾವನ್ನು ತಣ್ಣಗಾಗಿಸುತ್ತದೆಂದು ಇಲಿಗಳಲ್ಲಿ ಭರವಸೆ ಹುಟ್ಟಿಸಿದ್ದ ಮಿನೋಸೈಕ್ಲಿನ್ ಎಂಬ ಪ್ರತಿಜೀವಕ (ಆಂಟಿಬಯೋಟಿಕ್), 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಎಲ್‌ಎಸ್ (ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಸಾಯುವ ಕಾಯಿಲೆ) ರೋಗಿಗಳ ಸ್ಥಿತಿಯನ್ನು ಇನ್ನಷ್ಟು ಬೇಗ ಹದಗೆಡಿಸಿತು. ನಮ್ಮ ಪ್ರಯೋಗಾಲಯಕ್ಕೆ ಬರುವ ಪ್ರತಿಯೊಬ್ಬ ಹೊಸ ವಿದ್ಯಾರ್ಥಿಗೂ ಈ ವರದಿಯನ್ನು ಓದಲು ಕೊಡುತ್ತೇನೆ, ಏಕೆಂದರೆ ಇಲಿಯಲ್ಲಿ ನಾವು ಅವಸರದಿಂದ ಕಟ್ಟಿದ ತೀರ್ಮಾನಕ್ಕೆ ಅಲ್ಲಿ ರೋಗಿಗಳು ಬೆಲೆ ತೆತ್ತಿದ್ದಾರೆ.

ಇನ್ನು ದಿನನಿತ್ಯದ ಕೆಲಸ. ನನ್ನದೇ ಒಂದು ಅನುಭವ ಹೇಳಿದರೆ ಅದು ಹೆಚ್ಚು ಸ್ಪಷ್ಟವಾದೀತು. ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ನಾನು ಈ.ಕೋಲೈ ಬ್ಯಾಕ್ಟೀರಿಯಾದಲ್ಲಿ, ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಗಂಟುಗಟ್ಟುವ ಆಲ್ಫಾ-ಸೈನ್ಯೂಕ್ಲೀನ್ ಪ್ರೋಟೀನನ್ನು ತಯಾರಿಸಿ, ಶುದ್ಧೀಕರಿಸಿ, ಇಲಿಯ ಮೈಕ್ರೋಗ್ಲಿಯಾ ಬೆಳೆಸಿದ ತಟ್ಟೆಗಳಿಗೆ ಹಾಕುತ್ತಿದ್ದೆ. ಪ್ರೋಟೀನುಗಳ ಪ್ರಮಾಣ ಅಳೆಯುವ ಎಲೈಸಾ ಪರೀಕ್ಷೆ ಮಾಡಿದಾಗ, ಉರಿಯೂತದ ಸಂದೇಶ ಸಾರುವ ಟಿಎನ್‌ಎಫ್ ಪ್ರೋಟೀನಿನ ಮಟ್ಟ ಹತ್ತಾರು ಪಟ್ಟು ಏರಿರುತ್ತಿತ್ತು, ತಟ್ಟೆಯ ಚಿಕ್ಕ ಕುಳಿಗಳು ಕಣ್ಣಿಗೆ ರಾಚುವಂತೆ ಹಳದಿಯಾಗುತ್ತಿದ್ದವು. ಎಂಟು ತಿಂಗಳ ದತ್ತಾಂಶ ಸೇರಿತು. ಒಂದು ದಿನ ಲ್ಯಾಬ್ ಮೀಟಿಂಗಿನಲ್ಲಿ ನಮ್ಮ ಗೈಡ್ ಒಂದೇ ಒಂದು ಪ್ರಶ್ನೆ ಕೇಳಿದರು: “ಪ್ರೋಟೀನನ್ನು ನಾಶಮಾಡಿ ನೋಡಿದ್ದೀಯಾ?” ಆಲ್ಫಾ-ಸೈನ್ಯೂಕ್ಲೀನ್ ಕುದಿಸಿದರೂ ಕೆಡದ ಪ್ರೋಟೀನಾದ್ದರಿಂದ ಬರೀ ಕುದಿಸಿದರೆ ಸಾಲದು. ಪ್ರೋಟೀನೇಸ್-ಕೆ ಕಿಣ್ವದಿಂದ ಅದನ್ನು ಪೂರ್ತಿ ಚೂರುಚೂರು ಮಾಡಿ, ಆ ಕಿಣ್ವವನ್ನೂ ಬಿಸಿಯಿಂದ ನಿಷ್ಕ್ರಿಯಗೊಳಿಸಿ ಕೋಶಗಳಿಗೆ ಹಾಕಿದೆ. ಟಿಎನ್‌ಎಫ್ ಅಷ್ಟೇ ಏರಿತು. ಕೋಶಗಳು ಉತ್ತರಿಸುತ್ತಿದ್ದದ್ದು ನನ್ನ ಪ್ರೋಟೀನಿಗಲ್ಲ, ಅದರ ಜೊತೆ ಉಳಿದುಬಂದಿದ್ದ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷಕ್ಕೆ. ಹಾರ್ಸ್‌ಶೂ ಏಡಿಯ ರಕ್ತದಿಂದ ಮಾಡುವ ಎಲ್‌ಎಎಲ್ ಪರೀಕ್ಷೆಯೂ ಅದನ್ನೇ ಹೇಳಿತು.

ಎಂಟು ತಿಂಗಳ ಆ ದತ್ತಾಂಶವನ್ನು ಬದಿಗಿಟ್ಟು, ಎಂಡೋಟಾಕ್ಸಿನ್ ತೆಗೆಯುವ ಹಂತವನ್ನು ಸೇರಿಸಿ ಮೊದಲಿನಿಂದ ಶುರುಮಾಡಿದೆ. ಈ ಸಲ ಸಿಕ್ಕ ಪ್ರತಿಕ್ರಿಯೆ ಬಹಳ ಚಿಕ್ಕದಾಗಿತ್ತು, ನಿಧಾನವಾಗಿತ್ತು, ಮತ್ತು ನಾರುಗಟ್ಟಿದ ಪ್ರೋಟೀನಿಗೆ ಮಾತ್ರ ಬರುತ್ತಿತ್ತು. ಬಿಡಿ ಅಣುಗಳಿಗೆ ಇರಲಿಲ್ಲ. ಆದರೆ ಅದು ನಿಜವಾಗಿತ್ತು, ನನ್ನ ಪ್ರಬಂಧ ನಿಂತದ್ದು ಅದರ ಮೇಲೆಯೇ. ನೀವು ಕೇಳಿದ “ದಿನವಿಡೀ ಏನು ಮಾಡುತ್ತಾರೆ” ಎಂಬುದಕ್ಕೆ ನನ್ನ ಉತ್ತರವಿದು: ದಿನದ ಹೆಚ್ಚಿನ ಪಾಲು, ನಾವು ಕಂಡದ್ದಕ್ಕೆ ಇನ್ನಾವ ಕಾರಣವಿರಬಹುದೆಂದು ಯೋಚಿಸಿ, ಆ ಒಂದೊಂದು ಕಾರಣಕ್ಕೂ ಒಂದೊಂದು ಕಂಟ್ರೋಲ್ (ಹೋಲಿಕೆಗೆಂದು ಮಾಡುವ ಪ್ರಯೋಗ) ಇಟ್ಟು ಪರೀಕ್ಷಿಸುವುದರಲ್ಲಿ ಕಳೆಯುತ್ತದೆ.

ಉತ್ತರ 2: ಜರ್ಮನಿಯಲ್ಲಿರುವ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆಯಲ್ಲಿರುವವರು), ಊರು ಶಿರಸಿ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಇಲಿಯ ಮಿದುಳಿನಿಂದ ಕೋಶಗಳನ್ನು ಹೊರತೆಗೆಯುವ ಕೆಲಸದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಹೊಸಬರು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಮೈಕ್ರೋಗ್ಲಿಯಾ ತೊಂದರೆಯನ್ನು ಗುರುತಿಸಲೆಂದೇ ಇರುವ ಕೋಶ. ಅಂಥ ಕೋಶವನ್ನು ಮಿದುಳಿನಿಂದ ಕಿತ್ತು, 37 ಡಿಗ್ರಿಯಲ್ಲಿ ಅರ್ಧ ಗಂಟೆ ಕಿಣ್ವದಲ್ಲಿ ನೆನೆಹಾಕಿದರೆ ಅದು ಆ ಹಿಂಸೆಗೇ ಪ್ರತಿಕ್ರಿಯೆ ತೋರುತ್ತದೆ, ನಾವು ಆ ಜೀನುಗಳ ಏರಿಕೆಯನ್ನು ಕಾಯಿಲೆಯ ಗುರುತೆಂದು ಬರೆದುಬಿಡುತ್ತೇವೆ. ಆದ್ದರಿಂದ ನಾವು ಇಡೀ ಕೆಲಸವನ್ನು ಮಂಜುಗಡ್ಡೆಯ ಮೇಲೆ ಮಾಡುತ್ತೇವೆ, ಕಿಣ್ವ ಬಳಸಲೇಬೇಕಾದಾಗ ಹೊಸ ಆರ್‌ಎನ್‌ಎ ತಯಾರಿಯನ್ನು ತಡೆಯುವ ರಾಸಾಯನಿಕವನ್ನು ಬೆರೆಸುತ್ತೇವೆ. ಬೆಳಿಗ್ಗೆ ಆರಕ್ಕೆ ಪ್ರಾಣಿಗೃಹಕ್ಕೆ ಹೋದರೆ, ಪರ್ಕಾಲ್ ದ್ರಾವಣದಲ್ಲಿ ತಿರುಗಿಸಿ, ಮೇಲೆ ಬೆಣ್ಣೆಯಂತೆ ತೇಲಿಬಂದ ಮಯಲಿನ್ (ನರತಂತುಗಳ ಹೊದಿಕೆ) ಕೊಬ್ಬನ್ನು ತೆಗೆದು, ಕೆಳಗೆ ಕೂತ ಕೋಶಗಳನ್ನು, ಹೊಳೆಯುವ ಬಣ್ಣಗಳ ಗುರುತಿನಿಂದ ಕೋಶಗಳನ್ನು ವಿಂಗಡಿಸುವ ಫ್ಲೋ ಸೈಟೋಮೀಟರಿನಲ್ಲಿ ಬೇರ್ಪಡಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ನಡುವೆ ಎಲ್ಲಿಯೂ ನಿಲ್ಲಿಸುವಂತಿಲ್ಲ.

ಇಲಿಯೇ ಮನುಷ್ಯನಲ್ಲ ಎಂಬುದಕ್ಕೆ ಟ್ರೆಮ್-2ರ ಇತಿಹಾಸದಲ್ಲೇ ಒಂದು ಪಾಠವಿದೆ. 47ನೆಯ ಸ್ಥಾನದ ಅದೇ ಬದಲಾವಣೆಯನ್ನು ಇಲಿಯ ಜೀನಿನಲ್ಲಿ ಮಾಡಿದಾಗ ಪ್ರೋಟೀನಿನ ಪ್ರಮಾಣವೇ ಕುಸಿಯಿತು. ಆಮೇಲೆ ತಿಳಿದುಬಂದದ್ದೇನೆಂದರೆ, ಇಲಿಯಲ್ಲಿ ಆ ಬದಲಾವಣೆಯು ಆರ್‌ಎನ್‌ಎಯನ್ನು ತಪ್ಪು ಜಾಗದಲ್ಲಿ ಕತ್ತರಿಸಿ ಜೋಡಿಸುವಂತೆ ಮಾಡುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. ಇದಕ್ಕಾಗಿಯೇ ನಾನೀಗ ಮನುಷ್ಯರ ಕಾಂಡಕೋಶಗಳಿಂದ ಮೈಕ್ರೋಗ್ಲಿಯಾ ಬೆಳೆಸುತ್ತೇನೆ. ಒಂದು ಸರದಿಗೆ ಹತ್ತಿರ ಹತ್ತಿರ ಆರು ವಾರ ಹಿಡಿಯುತ್ತದೆ, ಶನಿವಾರ ಭಾನುವಾರಗಳೂ ಕೋಶಗಳಿಗೆ ಪೋಷಕ ದ್ರವ ಬದಲಿಸಬೇಕು. ಸೂಕ್ಷ್ಮಾಣು ಸೋಂಕು ತಗುಲಿ ಐದನೆಯ ವಾರದಲ್ಲಿ ಎಲ್ಲವನ್ನೂ ಚೆಲ್ಲಬೇಕಾಗಿ ಬಂದಾಗ ನಾನು ಅತ್ತದ್ದೂ ಇದೆ.

ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲು ರೋಗನಿರೋಧಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಿರಿ. ಮಿದುಳಿನ ರಚನೆಯನ್ನು ಆಮೇಲೆಯೂ ಓದಿಕೊಳ್ಳಬಹುದು. ಫ್ಲೋ ಸೈಟೋಮೆಟ್ರಿಯಲ್ಲಿ ಯಾವ ಬಣ್ಣ ಯಾವುದರೊಳಗೆ ಸೋರುತ್ತಿದೆ, ಯಾವ ಪ್ರತಿಕಾಯವನ್ನು ನಂಬಬಹುದು, ಟಿ ಕೋಶವೊಂದು (ರಕ್ತದಲ್ಲಿರುವ ಒಂದು ಬಗೆಯ ರೋಗನಿರೋಧಕ ಕೋಶ) ತನ್ನ ಗುರಿಯನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಜೊತೆಗೆ ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳಲ್ಲಿ ಒಂದನ್ನು ಈಗಿನಿಂದಲೇ ಅಭ್ಯಾಸ ಮಾಡಿ. ಬಿಡಿ ಕೋಶಗಳ ಆರ್‌ಎನ್‌ಎ ದತ್ತಾಂಶವನ್ನು ಸ್ವತಃ ತೆರೆದು ನೋಡಲಾಗದವರು ತಮ್ಮ ಪ್ರಯೋಗದ ಅರ್ಥಕ್ಕೂ ಇನ್ನೊಬ್ಬರನ್ನು ಕಾಯಬೇಕಾಗುತ್ತದೆ.

ಇನ್ನೊಂದು ಮಾತು. ಈ ಕೆಲಸದಲ್ಲಿ ಪ್ರಾಣಿಗಳನ್ನು ಕೊಲ್ಲಬೇಕಾಗುತ್ತದೆ. ನೈತಿಕ ಸಮಿತಿಯ ಅನುಮತಿ ಇದ್ದೇ ಇರುತ್ತದೆ, ನಿಯಮಗಳೂ ಇವೆ. ಆದರೂ ಆ ಬೆಳಗನ್ನು ನಿಮ್ಮ ಮನಸ್ಸು ತಾಳುತ್ತದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ತಾಳದಿದ್ದರೆ ಅದು ದೌರ್ಬಲ್ಯವಲ್ಲ. ಕಾಂಡಕೋಶ, ರೋಗಿಗಳ ರಕ್ತ, ದತ್ತಾಂಶ ವಿಶ್ಲೇಷಣೆ ಎಂಬ ದಾರಿಗಳು ತೆರೆದೇ ಇವೆ.

ಉತ್ತರ 3: ಮೈಸೂರಿನ ನರರೋಗ ವೈದ್ಯೆ

ನಾನು ರೋಗಿಗಳನ್ನು ನೋಡುವವಳು, ವಾರದಲ್ಲಿ ಒಂದು ದಿನ ಮಾತ್ರ ಸಂಶೋಧನೆಗೆ ಕೊಡುತ್ತೇನೆ. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ತರಬೇತಿಯ ದಿನಗಳಲ್ಲಿ ಎರಡು ಮಿದುಳುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೆ. ಮಧ್ಯಮಿದುಳನ್ನು ಅಡ್ಡಕ್ಕೆ ಕೊಯ್ದಾಗ, ಆರೋಗ್ಯವಂತರಲ್ಲಿ ಎರಡೂ ಬದಿಗೆ ಕಾಡಿಗೆಯ ಗೆರೆ ಎಳೆದಂತೆ ಕಪ್ಪು ಪಟ್ಟಿ ಕಾಣುತ್ತದೆ. ಚಲನೆಯನ್ನು ನಿಯಂತ್ರಿಸಲು ನೆರವಾಗುವ ನರಕೋಶಗಳಿರುವ ಸಬ್‌ಸ್ಟಾನ್ಶಿಯಾ ನೈಗ್ರಾ ಎಂದರೆ ಅದೇ. ಪಾರ್ಕಿನ್ಸನ್ ಇದ್ದವರಲ್ಲಿ ಆ ಗೆರೆ ಅಳಿಸಿಹೋದಂತೆ ಮಸುಕಾಗಿರುತ್ತದೆ. ವಿದ್ಯಾರ್ಥಿನಿಯ ಅಜ್ಜ ಹೊಸ್ತಿಲ ಬಳಿ ನಿಂತುಬಿಡುತ್ತಾರೆ ಎಂದು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮಾಸಿದ ಗೆರೆ.

ಪಾರ್ಕಿನ್ಸನ್‌ನಲ್ಲಿ ಮೈಕ್ರೋಗ್ಲಿಯಾದಷ್ಟೇ ಟಿ ಕೋಶಗಳೂ ಮುಖ್ಯ. ಕೆಲವು ರೋಗಿಗಳ ರಕ್ತದ ಟಿ ಕೋಶಗಳು ಆಲ್ಫಾ-ಸೈನ್ಯೂಕ್ಲೀನಿನ ತುಣುಕುಗಳನ್ನು ಗುರುತಿಸಿ ಕೆರಳುತ್ತವೆ ಎಂದು 2017ರಲ್ಲಿ ಅಮೆರಿಕದ ತಂಡವೊಂದು ತೋರಿಸಿತು. ಕಾಯಿಲೆ ಪತ್ತೆಯಾಗುವ ಹೊತ್ತಿನಲ್ಲಿ ಈ ಪ್ರತಿಕ್ರಿಯೆ ಹೆಚ್ಚಿದ್ದು, ವರ್ಷಗಳು ಕಳೆದಂತೆ ಕುಗ್ಗುತ್ತದೆ ಎಂದು ಮುಂದಿನ ಅಧ್ಯಯನದಲ್ಲಿ ತಿಳಿದುಬಂತು. ಮೊದಲ ಉತ್ತರದಲ್ಲಿ ಹೇಳಿದ “ಕಾಲ” ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಒಂಬತ್ತು ವರ್ಷ ಕಾಯಿಲೆಯೊಡನೆ ಬದುಕಿದವರ ರಕ್ತದಲ್ಲಿ ಹುಡುಕಿದರೆ ನಮಗೆ ಬೇಕಾದ ಸಾಕ್ಷ್ಯ ಆಗಲೇ ತೆಳುವಾಗಿರಬಹುದು.

ಚಿಕಿತ್ಸೆಯ ವಿಷಯದಲ್ಲಿ ಹಿಂದೆ ನಡೆದದ್ದನ್ನು ನೆನಪಿಡಬೇಕು. ಅಮಿಲಾಯ್ಡ್ ವಿರುದ್ಧದ ಮೊದಲ ಲಸಿಕೆಯ ಪರೀಕ್ಷೆಯನ್ನು 2002ರಲ್ಲಿ ನಿಲ್ಲಿಸಬೇಕಾಯಿತು, ಏಕೆಂದರೆ ಲಸಿಕೆ ಪಡೆದವರಲ್ಲಿ ಶೇಕಡಾ 6ರಷ್ಟು ಮಂದಿಗೆ ಮಿದುಳು ಮತ್ತು ಅದರ ಪೊರೆಯ ಉರಿಯೂತ ಬಂತು. ಇಪ್ಪತ್ತು ವರ್ಷಗಳ ನಂತರ, 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಅಮಿಲಾಯ್ಡ್ ವಿರೋಧಿ ಪ್ರತಿಕಾಯವು ಹದಿನೆಂಟು ತಿಂಗಳಲ್ಲಿ ಆಲ್‌ಝೈಮರ್ ರೋಗಿಗಳ ಕುಸಿತವನ್ನು ಶೇಕಡಾ 27ರಷ್ಟು ನಿಧಾನಗೊಳಿಸಿತು. ಅದರಲ್ಲಿಯೂ ಕೆಲವರಿಗೆ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ ಆಗುತ್ತದೆ, ಆದ್ದರಿಂದ ಪದೇಪದೇ ಎಂಆರ್‌ಐ ಮಾಡಿಸಬೇಕಾಗುತ್ತದೆ. ಟ್ರೆಮ್-2 ಅನ್ನು ಪ್ರಚೋದಿಸುವ ಪ್ರತಿಕಾಯವೊಂದು 2024ರಲ್ಲಿ ಎರಡನೆಯ ಹಂತದ ಪರೀಕ್ಷೆಯಲ್ಲಿ ಸೋತಿತು. ಹೊರರೋಗಿ ವಿಭಾಗದಲ್ಲಿ ನನ್ನೆದುರು ಕುಳಿತ ಮಗಳೊಬ್ಬಳು “ಮೇಡಂ, ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ” ಎಂದು ಕೇಳಿದಾಗ, ಈ ಅಂಕಿಗಳನ್ನೆಲ್ಲ ಅವಳ ತಾಯಿಯ ಹಂತಕ್ಕೆ ಹೊಂದಿಸಿ, ಆಸೆಯನ್ನು ಕೊಲ್ಲದೆ ಮತ್ತು ಸುಳ್ಳನ್ನೂ ಹೇಳದೆ ವಿವರಿಸಬೇಕಾಗುತ್ತದೆ.

ನಮ್ಮ ಜನರ ಮೇಲೆಯೇ ಕೆಲಸ ಆಗಬೇಕಾದದ್ದು ಬಹಳಷ್ಟಿದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಆದರೆ ಅಪಾಯದ ಜೀನುಗಳ ಬಗ್ಗೆ ನಮಗಿರುವ ತಿಳಿವಳಿಕೆ ಹೆಚ್ಚಾಗಿ ಯುರೋಪ್ ಮೂಲದವರಿಂದ ಬಂದದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಳ ಕಾಲ ಹಿಂಬಾಲಿಸಿ, ರಕ್ತ, ಸ್ಮರಣಶಕ್ತಿ, ಮಿದುಳಿನ ಚಿತ್ರ ಎಲ್ಲವನ್ನೂ ದಾಖಲಿಸುವ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಭಂಡಾರವಿದೆ, ಸಾರ್ವಜನಿಕರೂ ನೋಡಬಹುದಾದ ಮಿದುಳಿನ ಸಂಗ್ರಹಾಲಯವೂ ಇದೆ. ಬೆಂಗಳೂರಿಗೆ ಬಂದರೆ ತಪ್ಪದೆ ಹೋಗಿ.

ಮತ್ತೆ ವಿದ್ಯಾರ್ಥಿನಿ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಮಿನೋಸೈಕ್ಲಿನ್ ಪರೀಕ್ಷೆಯ ವರದಿಯನ್ನು ನಿನ್ನೆ ರಾತ್ರಿಯೇ ಓದಿದೆ. ಕಾಡಿಗೆಯ ಗೆರೆಯ ಮಾತನ್ನು ಅಜ್ಜನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನದನ್ನೂ ಕೊಟ್ಟುಬಿಡ್ರಿ, ನೋಡ್ಲಿ” ಎಂದರು. ಅದಕ್ಕೆ ನನ್ನಿಂದ ಉತ್ತರ ಕೊಡಲಾಗಲಿಲ್ಲ. ಅಪ್ಪನ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಬೇಕಾಗಿದೆ. ಪಿಎಚ್.ಡಿ.ಗೆ ಪ್ರಯೋಗಾಲಯವನ್ನು ಹೇಗೆ ಆರಿಸಿಕೊಳ್ಳುವುದು ಎಂಬುದನ್ನೂ ತಿಳಿಸಿ.

ಉತ್ತರ 4: ಬೆಂಗಳೂರಿನ ಸಂಶೋಧಕ

ನಿಮ್ಮ ಅಜ್ಜನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಅವರು ಹೇಳಿದ್ದನ್ನು ಮನೆಯವರೆಲ್ಲ ಕುಳಿತು ನಿಧಾನವಾಗಿ ಮಾತನಾಡಿ, ಅವಸರ ಬೇಡ; ಆದರೆ ಅದು ಅವರದೇ ಇಚ್ಛೆಯಾಗಿದ್ದರೆ ಅವರ ಬುದ್ಧಿ ಚುರುಕಾಗಿರುವಾಗಲೇ ಅದನ್ನು ಬರೆದಿಡುವುದು ಒಳ್ಳೆಯದು, ಏಕೆಂದರೆ ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಕುಟುಂಬದವರು ತೀರ್ಮಾನಿಸಬೇಕಾಗುತ್ತದೆ.

ನಿಮ್ಮ ತಂದೆಯವರಿಗೆ ಇದ್ದುದನ್ನು ಇದ್ದಂತೆ ಹೇಳಿ. ಪಿಎಚ್.ಡಿ.ಗೆ ಐದರಿಂದ ಆರು ವರ್ಷ ಹಿಡಿಯುತ್ತದೆ, ಪೋಸ್ಟ್‌ಡಾಕ್ ಎಂದು ಇನ್ನೂ ಮೂರು ನಾಲ್ಕು ವರ್ಷ ಬೇಕಾಗಬಹುದು. ಜೆಆರ್‌ಎಫ್ (ಕಿರಿಯ ಸಂಶೋಧಕರ) ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ, ಎರಡು ವರ್ಷಗಳ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧಕ) ಆದಾಗ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬರ ಜೀವನಕ್ಕೆ ಅದು ಸಾಕಾಗುತ್ತದೆ, ಮನೆಗೆ ಹೆಚ್ಚು ಕಳಿಸಲಾಗುವುದಿಲ್ಲ. ಹಣ ತಡವಾಗಿ ಬರುವ ತಿಂಗಳುಗಳೂ ಇರುತ್ತವೆ, ನಾಲ್ಕು ತಿಂಗಳು ಬಾರದಿದ್ದಾಗ ನಾನು ಅಣ್ಣನಿಂದ ಸಾಲ ಪಡೆದಿದ್ದೆ. ಕಾಯಂ ಹುದ್ದೆಗಳು ಕಡಿಮೆ. ನನ್ನ ಜೊತೆ ಓದಿದವರಲ್ಲಿ ಕೆಲವರು ಔಷಧ ಕಂಪನಿಗಳಿಗೆ ಹೋದರು, ಒಬ್ಬರು ವಿಜ್ಞಾನ ಪತ್ರಿಕೆಯ ಸಂಪಾದಕರಾದರು. ಅವರಾರೂ ಓದಿದ್ದು ದಂಡವಾಯಿತೆಂದು ಹೇಳುವುದನ್ನು ನಾನು ಕೇಳಿಲ್ಲ.

ಪ್ರಯೋಗಾಲಯವನ್ನು ಆರಿಸುವಾಗ ಪ್ರಕಟಣೆಗಳ ಪಟ್ಟಿಗಿಂತ ಲ್ಯಾಬ್ ಮೀಟಿಂಗನ್ನು ನೋಡಿ. ಒಂದು ಮೀಟಿಂಗಿನಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ, ಹಿರಿಯರ ದತ್ತಾಂಶವನ್ನು ಕಿರಿಯರು ಪ್ರಶ್ನಿಸುತ್ತಾರೆಯೇ, ಪ್ರಶ್ನಿಸಿದಾಗ ಗೈಡ್ ಮುಖ ಹೇಗಾಗುತ್ತದೆ ಎಂಬುದನ್ನು ಗಮನಿಸಿ. ಯಾವ ಇಲಿ ಯಾವ ಗುಂಪಿನದೆಂದು ತಿಳಿಯದಂತೆ ಸ್ಲೈಡುಗಳಿಗೆ ಸಂಕೇತ ಹಾಕಿ ಎಣಿಸುವ ಪದ್ಧತಿ ಅಲ್ಲಿದೆಯೇ ಎಂದು ವಿದ್ಯಾರ್ಥಿಗಳನ್ನು ಕೇಳಿ. ಮೈಕ್ರೋಗ್ಲಿಯಾದ ಆಕಾರವನ್ನು ಕಣ್ಣಳತೆಯಲ್ಲಿ ವಿಂಗಡಿಸುವಾಗ ನಮ್ಮ ಆಸೆಯೇ ನಮ್ಮ ಕಣ್ಣನ್ನು ಎಳೆಯುತ್ತದೆ, ನನಗೂ ಹಾಗಾಗಿದೆ.

ಶಿರಸಿಯವರು ಹೇಳಿದಂತೆ ರೋಗನಿರೋಧಶಾಸ್ತ್ರ ಮೊದಲು ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ನಿಮಗೆ ಅಜ್ಜನ ಕಾಯಿಲೆಯೇ ಪ್ರೇರಣೆಯಾಗಿರುವುದರಿಂದ ಮಿದುಳಿನ ರಚನೆಯನ್ನು ಬಹಳ ದಿನ ಮುಂದೂಡಬೇಡಿ. ನಮ್ಮಲ್ಲಿ ಮೀಟಿಂಗ್ ನಡೆಯುವುದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಸೋಮವಾರ ರಾತ್ರಿಯ ರೈಲಿಗೆ ಧಾರವಾಡದಿಂದ ಹೊರಟರೆ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ. ಬರುವ ವಾರ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಮೊದಲ ಟಿ ಕೋಶ ಪ್ರಯೋಗದ ಫಲಿತಾಂಶವನ್ನು ತೋರಿಸುವವನಿದ್ದಾನೆ. ಇಲ್ಲಿ ಖಾಸಗಿ ಸಂದೇಶ ಕಳಿಸಿ, ವಿಳಾಸ ತಿಳಿಸುತ್ತೇನೆ.